ಅಪಹರಣಕ್ಕೊಳಗಾದಂತೆ ಕನಸು ಬಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪಹರಣದ ಕನಸಿಗೆ ಒಂದು ನಿಶ್ಚಿತವಾದ ಅರ್ಥವಿದೆಯೇ?

ಇಲ್ಲ. ಹಾವು ಕಂಡರೆ ಇಂಥ ಫಲ, ಹಲ್ಲು ಬಿದ್ದರೆ ಇಂಥ ಫಲ ಎಂದು ಪಟ್ಟಿ ಮಾಡುವವರು ಅಪಹರಣಕ್ಕೂ ಒಂದು ಫಲವನ್ನು ಬರೆದುಕೊಡಬಹುದು. ಆದರೆ ಇದೇ ಕನಸು ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯಾರ್ಥಿಗೂ, ಮಗಳನ್ನು ಮೊದಲ ಸಲ ಹಾಸ್ಟೆಲಿನಲ್ಲಿ ಬಿಟ್ಟುಬಂದ ತಂದೆಗೂ, ರಕ್ತದೊತ್ತಡದ ಮಾತ್ರೆ ಬದಲಾಯಿಸಿಕೊಂಡ ಹಿರಿಯರಿಗೂ ಬೀಳಬಹುದು. ಮೂವರಲ್ಲಿಯೂ ಅದು ಹುಟ್ಟಿದ ಕಾರಣ ಬೇರೆ ಬೇರೆ.

ಆದರೂ ಇಂಥ ಕನಸುಗಳಲ್ಲಿ ಸಾಮಾನ್ಯವಾಗಿ ಒಂದು ಎಳೆ ಕಾಣುತ್ತದೆ. ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನೆಲ್ಲ ಬೇರೆ ಯಾರೋ ತೀರ್ಮಾನಿಸಿರುತ್ತಾರೆ, ನಮ್ಮ ಮಾತು ನಡೆಯುವುದಿಲ್ಲ. ಅಟ್ಟಿಸಿಕೊಂಡು ಬರುವ ಕನಸಿನಲ್ಲಿ ಓಡಲು ದಾರಿಯಾದರೂ ಇರುತ್ತದೆ. ಅಪಹರಣದ ಕನಸಿನಲ್ಲಿ ಕಥೆ ಶುರುವಾಗುವುದೇ ಸಿಕ್ಕಿಬಿದ್ದ ಮೇಲೆ. ಮುಂದಿನ ಉತ್ತರಗಳಿಗೆಲ್ಲ ಆಧಾರವಾದ ನಿಲುವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಇಂಥ ಕನಸು ನಿಮ್ಮೊಳಗಿನ ಭಯಕ್ಕೆ ಸಾಕ್ಷಿ ಹೇಳಬಲ್ಲುದು, ಹೊರಗಿನ ಯಾವ ಮನುಷ್ಯನ ವಿರುದ್ಧವಾಗಲಿ, ನಾಳೆ ನಡೆಯಲಿರುವ ಯಾವ ಘಟನೆಯ ಬಗ್ಗೆಯಾಗಲಿ ಅದು ಸಾಕ್ಷಿ ಹೇಳಲಾರದು.

ಹಾಗಾದರೆ ಇದು ಮುಂದಾಗುವ ಅನಾಹುತದ ಸೂಚನೆಯಲ್ಲವೇ?

ಅಲ್ಲ. ಆದರೆ ಜನ ಹಾಗೆ ನಂಬುವುದೇಕೆ ಎಂಬುದಕ್ಕೆ ನಿಜವಾಗಿ ನಡೆದ ಅಪಹರಣವೊಂದರಲ್ಲಿ ಉತ್ತರವಿದೆ. 1976ರ ಜುಲೈ 15ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಚೌಚಿಲ್ಲಾ ಎಂಬ ಸಣ್ಣ ಊರಿನಲ್ಲಿ ಮೂವರು ಮುಸುಕುಧಾರಿಗಳು ಶಾಲಾ ಬಸ್ಸನ್ನು ಅಡ್ಡಗಟ್ಟಿ, 26 ಮಕ್ಕಳನ್ನೂ ಚಾಲಕನನ್ನೂ ವ್ಯಾನುಗಳಿಗೆ ತುಂಬಿಕೊಂಡು, ಸುಮಾರು 11 ಗಂಟೆ ಸುತ್ತಾಡಿಸಿ, ಲಿವರ್‌ಮೋರ್ ಬಳಿಯ ಕಲ್ಲುಗಣಿಯೊಂದರಲ್ಲಿ ಮಣ್ಣಿನಡಿ ಹೂತಿಟ್ಟಿದ್ದ ಸರಕು ವಾಹನದೊಳಕ್ಕೆ ಇಳಿಸಿದರು. ಅಲ್ಲಿ ಸುಮಾರು 16 ಗಂಟೆ ಕಳೆದ ಮೇಲೆ ಚಾಲಕ ಮತ್ತು ದೊಡ್ಡ ಹುಡುಗರು ಹಾಸಿಗೆಗಳನ್ನು ಪೇರಿಸಿ ಹತ್ತಿ, ಮೇಲಿನ ಮುಚ್ಚಳವನ್ನು ಸರಿಸಿ, ಎಲ್ಲರನ್ನೂ ಜೀವಂತವಾಗಿ ಹೊರತಂದರು.

ಲೆನೋರ್ ಟೆರ್ ಎಂಬ ಮನೋವೈದ್ಯೆ ಈ ಮಕ್ಕಳಲ್ಲಿ 23 ಮಂದಿಯನ್ನು ಮುಂದಿನ ತಿಂಗಳುಗಳಲ್ಲಿ ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು. ಅನೇಕ ಮಕ್ಕಳು ಅಪಹರಣಕ್ಕೆ ಮೊದಲು ನಡೆದ ಯಾವುದೋ ಸಣ್ಣ ಸಂಗತಿಯನ್ನು ನೆನಪಿನಿಂದ ಹೆಕ್ಕಿ ತೆಗೆದು, ಅದೇ ತಮಗೆ ಬಂದ ಸೂಚನೆಯಾಗಿತ್ತು, ತಾವು ಅದನ್ನು ಗಮನಿಸಬೇಕಾಗಿತ್ತು ಎಂದು ನಂಬಿಕೊಂಡಿದ್ದರು. ನಾಲ್ಕೈದು ವರ್ಷಗಳ ನಂತರ ಟೆರ್ ಮತ್ತೆ ಹೋಗಿ ನೋಡಿದಾಗಲೂ ಶಕುನಗಳ ಮೇಲಿನ ಆ ನಂಬಿಕೆಯಾಗಲಿ, ಮತ್ತೆ ಮತ್ತೆ ಕಾಡುವ ದುಃಸ್ವಪ್ನಗಳಾಗಲಿ, ತಾವೇ ಸತ್ತಂತೆ ಬೀಳುವ ಕನಸುಗಳಾಗಲಿ ದೂರವಾಗಿರಲಿಲ್ಲ. ಶಕುನವೊಂದು ಇತ್ತು ಎಂದುಕೊಂಡರೆ, ಮುಂದಿನ ಸಲವಾದರೂ ತಪ್ಪಿಸಿಕೊಳ್ಳಬಹುದು ಎಂಬ ಧೈರ್ಯ ಉಳಿಯುತ್ತದೆ. ಏನೂ ಸೂಚನೆಯಿಲ್ಲದೆ ಯಾರಿಗೆ ಬೇಕಾದರೂ ಇದು ಆಗಬಹುದು ಎಂದು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟ. ಅಂದರೆ ಶಕುನ ಹುಟ್ಟುವುದು ಘಟನೆಯ ನಂತರ. ಕನಸು ನಿಜವಾಯಿತು ಎಂದು ಹೇಳುವವರ ಮಾತನ್ನು ಕೇಳುವಾಗ, ನಿಜವಾಗದೆ ಮರೆತುಹೋದ ಅವರ ನೂರಾರು ಕನಸುಗಳ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎನ್ನುತ್ತಾರಲ್ಲ?

ಬೆಳಗಿನ ಜಾವದ ಕನಸಿಗೆ ವಿಶೇಷವೇನೋ ಇದೆ, ಆದರೆ ಅದು ಭವಿಷ್ಯಕ್ಕೆ ಸಂಬಂಧಿಸಿದ್ದಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೇಥನಿಯಲ್ ಕ್ಲೈಟ್‌ಮನ್ 1953ರಲ್ಲಿ ಗುರುತಿಸಿದ ರೆಮ್ ನಿದ್ರೆ, ಅಂದರೆ ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ವೇಗವಾಗಿ ಹೊರಳಾಡುವ ನಿದ್ರೆ, ಸರಿಸುಮಾರು 90 ನಿಮಿಷಗಳಿಗೊಮ್ಮೆ ಬರುತ್ತದೆ. ರಾತ್ರಿಯ ಮೊದಲ ಸುತ್ತುಗಳಲ್ಲಿ ಅದು ಕೆಲವೇ ನಿಮಿಷ ಇದ್ದು, ಬೆಳಗಾಗುತ್ತ ಬಂದಂತೆ ದೀರ್ಘವಾಗುತ್ತದೆ. ಕಥೆಯಂತೆ ಸಾಗುವ, ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಈ ಹೊತ್ತಿನವು. ಅವುಗಳ ನಡುವೆಯೇ ಎಚ್ಚರವಾಗುವುದರಿಂದ ಅವು ನೆನಪಿನಲ್ಲಿ ಉಳಿಯುತ್ತವೆ, ನೆನಪಿನಲ್ಲಿ ಉಳಿದದ್ದಕ್ಕೆ ನಾವು ಮಹತ್ವ ಕೊಡುತ್ತೇವೆ.

ನಮ್ಮ ಪ್ರಾಚೀನ ಗ್ರಂಥಗಳು ಇಂಥ ಕನಸಿನ ಬಗ್ಗೆ ಏನು ಹೇಳುತ್ತವೆ?

ಸ್ವಪ್ನಫಲ ಹೇಳುವವರು ಶಾಸ್ತ್ರದ ಹೆಸರನ್ನು ಎತ್ತುತ್ತಲೇ ಇರುತ್ತಾರೆ. ಆದ್ದರಿಂದ ಶಾಸ್ತ್ರ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕ ಮಹಾರಾಜನಿಗೆ ಕನಸಿನ ಸ್ವರೂಪವನ್ನು ವಿವರಿಸುತ್ತಾರೆ. ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ. ಅವೆಲ್ಲವನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ ಎನ್ನುತ್ತಾರೆ. ಮುಂದೆ ಅದೇ ಭಾಗದಲ್ಲಿ, ತನ್ನನ್ನು ಯಾರೋ ಕೊಲ್ಲುತ್ತಿರುವಂತೆ, ಯಾರೋ ವಶಪಡಿಸಿಕೊಳ್ಳುತ್ತಿರುವಂತೆ, ಆನೆಯೊಂದು ಬೆನ್ನಟ್ಟಿದಂತೆ, ಹಳ್ಳಕ್ಕೆ ಬಿದ್ದಂತೆ ಕಾಣುವ ಕನಸುಗಳ ಪ್ರಸ್ತಾಪ ಬರುತ್ತದೆ. ಎಚ್ಚರದಲ್ಲಿ ಕಂಡ ಭಯವನ್ನೇ ಮನುಷ್ಯ ಅವಿದ್ಯೆಯಿಂದಾಗಿ ಅಲ್ಲಿ ನಿಜವೆಂದು ಭಾವಿಸುತ್ತಾನೆ ಎಂಬುದು ಉಪನಿಷತ್ತಿನ ವಿವರಣೆ. ಬಲವಂತವಾಗಿ ವಶವಾಗುವ ಕನಸಿನ ಬಗ್ಗೆ ಇಷ್ಟು ಹಿಂದೆಯೇ ಇಷ್ಟು ಸ್ಪಷ್ಟವಾದ ಮಾತು ಬಂದಿರುವಾಗ ಅದನ್ನು ಬಿಟ್ಟು ಫಲಗಳ ಪಟ್ಟಿಯನ್ನು ಹಿಡಿದು ಕೂರುವುದು ವಿಚಿತ್ರವೇ ಸರಿ.

ಆಯುರ್ವೇದದ ಚರಕ ಸಂಹಿತೆ ಇಂದ್ರಿಯಸ್ಥಾನ ಎಂಬ ಭಾಗದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ತೋರುವುದು ಮತ್ತು ದೇಹದ ದೋಷಗಳಿಂದ ಹುಟ್ಟುವುದು. ಚರಕನು ಆರನೆಯ ಬಗೆಯನ್ನೂ ಒಪ್ಪಿದ್ದಾನೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಮೊದಲ ಐದಕ್ಕೆ ಫಲವಿಲ್ಲ ಎಂದು ವೈದ್ಯನು ತಿಳಿಯಬೇಕು ಎನ್ನುತ್ತಾನೆ. ಇಂದು ನಾವು ಕಾಣುವ ಅಪಹರಣದ ಕನಸುಗಳಲ್ಲಿ ಬಹುಪಾಲು ಈ ಐದರೊಳಗೇ ಬರುತ್ತವೆ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದು 108 ದಿನ ಇಟ್ಟುಕೊಂಡಿದ್ದ ಕಾಲವನ್ನು ಕಂಡವರ ಕನಸಿನಲ್ಲಿ ಅಪಹರಣಕ್ಕೆ ಕಾಡು, ಬಂದೂಕು, ರೇಡಿಯೋ ಸುದ್ದಿ ಸೇರಿಕೊಂಡರೆ, ಸಿನಿಮಾ ನೋಡಿ ಬೆಳೆದವರ ಕನಸಿನಲ್ಲಿ ಬಾಗಿಲು ಸರ್ರನೆ ಸರಿಯುವ ಬಿಳಿ ಓಮ್ನಿ ಬಂದು ನಿಲ್ಲುತ್ತದೆ. ಆ ಓಮ್ನಿಯ ತಯಾರಿಕೆ 2019ರಲ್ಲಿಯೇ ನಿಂತಿದ್ದರೂ ಕನಸಿನಲ್ಲಿ ಇನ್ನೂ ಓಡುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಆಧುನಿಕ ಮನಶ್ಶಾಸ್ತ್ರ ಏನು ಹೇಳುತ್ತದೆ?

ಒಂದೇ ಮಾತು ಹೇಳುವುದಿಲ್ಲ. ಕನಸು ಅದುಮಿಟ್ಟ ಬಯಕೆಯ ಮರೆಮಾಚಿದ ಈಡೇರಿಕೆ ಎಂದು ಸಿಗ್ಮಂಡ್ ಫ್ರಾಯ್ಡ್ 1900ರ ಹೊತ್ತಿಗೆ ವಾದಿಸಿದರು. ಈ ವಾದವನ್ನೇ ಹಿಡಿದುಕೊಂಡು, ಅಪಹರಣದ ಕನಸು ಕಂಡವರಿಗೆ ಒಳಗೊಳಗೇ ಅದು ಬೇಕಾಗಿತ್ತು ಎಂದು ಹೇಳುವವರು ಈಗಲೂ ಸಿಗುತ್ತಾರೆ. ಇದು ಆಧಾರವಿಲ್ಲದ ಮಾತು. ದೌರ್ಜನ್ಯಕ್ಕೊಳಗಾದವರ ಮುಂದೆ ಆಡಿದರೆ ಕ್ರೂರವಾದ ಮಾತು ಕೂಡ. ಮೊದಲ ಮಹಾಯುದ್ಧದ ಸೈನಿಕರಿಗೆ ಅದೇ ಭೀಕರ ಘಟನೆ ಮತ್ತೆ ಮತ್ತೆ ಕನಸಾಗಿ ಬೀಳುತ್ತಿದ್ದುದು ಬಯಕೆಯ ಸಿದ್ಧಾಂತಕ್ಕೆ ಹೊಂದುವುದಿಲ್ಲ ಎಂಬುದನ್ನು 1920ರಲ್ಲಿ ಫ್ರಾಯ್ಡ್ ಅವರೇ ಒಪ್ಪಿಕೊಳ್ಳಬೇಕಾಯಿತು.

ನಂತರ ಬಂದವರಲ್ಲಿ ಕ್ಯಾಲ್ವಿನ್ ಹಾಲ್ ಸಾವಿರಾರು ಸಾಮಾನ್ಯ ಜನರ ಕನಸುಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಯಾರು ಬರುತ್ತಾರೆ, ಏನು ನಡೆಯುತ್ತದೆ ಎಂಬುದನ್ನು ಎಣಿಸಿ ನೋಡುವ ಕ್ರಮವನ್ನು ಬೆಳೆಸಿದರು. ಕನಸು ಹಗಲಿನ ಚಿಂತೆಗಳ ಮುಂದುವರಿಕೆ ಎಂಬ ಅಭಿಪ್ರಾಯ ಈ ದಾರಿಯಲ್ಲಿ ಗಟ್ಟಿಯಾಯಿತು. ಫಿನ್ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ ಇನ್ನೊಂದು ವಾದವನ್ನು ಮುಂದಿಟ್ಟರು: ಕಾಡಿನಲ್ಲಿ ಬದುಕುತ್ತಿದ್ದ ನಮ್ಮ ಪೂರ್ವಿಕರಿಗೆ ಅಪಾಯವನ್ನು ಗುರುತಿಸಿ ತಪ್ಪಿಸಿಕೊಳ್ಳುವ ತಾಲೀಮು ಕನಸಿನಲ್ಲಿ ನಡೆಯುತ್ತಿತ್ತು, ಆದ್ದರಿಂದಲೇ ಬೆನ್ನಟ್ಟುವ, ಹಿಡಿಯುವ, ಹೊಡೆಯುವ ಕನಸುಗಳು ಇಷ್ಟೊಂದು ಇವೆ ಎಂದು. ಹಿಡಿಯುವ ಕನಸುಗಳ ಹೇರಳತೆಯನ್ನು ಇದು ವಿವರಿಸುತ್ತದೆ, ಆದರೆ ನನಗೆ ಮೊನ್ನೆ ರಾತ್ರಿಯೇ ಯಾಕೆ ಬಿತ್ತು ಎಂಬ ಪ್ರಶ್ನೆಗೆ ಹಾಲ್ ಅವರ ದಾರಿಯೇ ಹೆಚ್ಚು ಉಪಯುಕ್ತ.

ನನ್ನ ಕನಸನ್ನು ನಾನೇ ಅರ್ಥಮಾಡಿಕೊಳ್ಳುವುದು ಹೇಗೆ?

ಅಪಹರಣ ಎಂಬ ಒಂದೇ ಪದದಲ್ಲಿ ಕನಸನ್ನು ಮುಗಿಸದೆ, ವಿವರಗಳನ್ನು ಎದ್ದ ಕೂಡಲೇ ಬರೆದಿಡಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಹಾವೇರಿ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವ ಯುವತಿಯೊಬ್ಬರಿಗೆ, ಶಾಲೆಯ ಗೇಟಿನ ಹೊರಗೆ ಯಾರೋ ತನ್ನನ್ನು ವ್ಯಾನಿಗೆ ಹತ್ತಿಸಿದಂತೆ ಕನಸು ಬೀಳುತ್ತದೆ. ಚಾಲಕ ಹಿಂದಿರುಗಿ ನೋಡುವುದೇ ಇಲ್ಲ. ಮಡಿಲಲ್ಲಿ ಊಟದ ಡಬ್ಬಿ ಇದೆ, ಕೈಯಲ್ಲಿ ಮೊಬೈಲ್ ಇದೆ, ಆದರೆ ಎಷ್ಟು ಒತ್ತಿದರೂ ತವರುಮನೆಯ ನಂಬರ್ ಸರಿಯಾಗಿ ಬರುವುದಿಲ್ಲ. ಮುಂದಿನ ಸೀಟಿನಲ್ಲಿ ಪರಿಚಯದವರೊಬ್ಬರು ಎಲೆ ಅಡಿಕೆ ಮೆಲ್ಲುತ್ತ, ಇದರಲ್ಲಿ ಹೆದರುವುದೇನಿದೆ ಎಂಬಂತೆ ಕುಳಿತಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಮುಂದಿನ ಸೀಟಿನ ಆ ನಿಶ್ಚಿಂತೆ ಮತ್ತು ಬಾರದ ನಂಬರ್. ಆ ವಾರ ಅವರ ಮನೆಯಲ್ಲಿ ಏನು ನಡೆದಿತ್ತು ಎಂದು ಕೇಳಿದರೆ, ಗಂಡನ ಕೆಲಸಕ್ಕಾಗಿ ಬೆಂಗಳೂರಿಗೆ ಮನೆ ಬದಲಾಯಿಸುವುದೆಂದು ಹಿರಿಯರು ತೀರ್ಮಾನಿಸಿದ್ದು, ಅವರ ಶಾಲೆಯ ಕೆಲಸದ ಮಾತನ್ನು ಯಾರೂ ಎತ್ತದೇ ಇದ್ದದ್ದು ಹೊರಬರಬಹುದು. ಹೊರಬರದೆಯೂ ಇರಬಹುದು, ಹಿಂದಿನ ರಾತ್ರಿ ನೋಡಿದ ಧಾರಾವಾಹಿಯೇ ಇಡೀ ಕನಸಿಗೆ ಕಾರಣವಾಗಿರಬಹುದು. ಕನಸಿನಲ್ಲಿ ಅತಿ ಹೆಚ್ಚು ಕಾಡಿದ ಭಾವ ಯಾವುದು, ಅದೇ ಭಾವ ಇತ್ತೀಚೆಗೆ ಎಚ್ಚರದಲ್ಲಿ ಎಲ್ಲಿ ಬಂದಿತ್ತು, ನನ್ನನ್ನು ಕೇಳದೆ ನನ್ನ ಬಗ್ಗೆ ಏನಾದರೂ ತೀರ್ಮಾನವಾಗುತ್ತಿದೆಯೇ ಎಂದು ಕೇಳಿಕೊಳ್ಳಿ. ವರ್ಗಾವಣೆ, ಗೊತ್ತುಮಾಡಿದ ಮದುವೆ, ಸಾಲದ ಕಂತು, ಆಸ್ಪತ್ರೆಯಲ್ಲಿ ಮಲಗಿರುವ ಮನೆಯವರು, ಬಿಡಲಾಗದ ಕುಡಿತ, ಹೀಗೆ ಉತ್ತರಗಳು ಬರಬಹುದು. ಉತ್ತರ ಹೊಳೆಯದಿದ್ದರೆ ಬಲವಂತವಾಗಿ ಹೊಂದಿಸಬೇಡಿ.

ಕನಸಿನಲ್ಲಿ ನನ್ನನ್ನು ಎತ್ತಿಕೊಂಡು ಹೋದವರು ನನಗೆ ಗೊತ್ತಿರುವವರೇ. ಅವರನ್ನು ಅನುಮಾನಿಸಬೇಕೇ?

ಕನಸಿನ ಆಧಾರದ ಮೇಲೆ ಅನುಮಾನಿಸಬಾರದು. ಮುಖ ಒಬ್ಬರದು, ದನಿ ಇನ್ನೊಬ್ಬರದು, ನಡತೆ ಮತ್ತೊಬ್ಬರದು ಆಗಿರುವುದು ಕನಸಿನಲ್ಲಿ ತೀರ ಸಾಮಾನ್ಯ. ಆದರೆ ಎಚ್ಚರದಲ್ಲಿಯೇ ಆ ವ್ಯಕ್ತಿ ನಿಮ್ಮನ್ನು ಹಿಂಬಾಲಿಸುತ್ತಿದ್ದರೆ, ಬೆದರಿಸುತ್ತಿದ್ದರೆ, ಮನೆಯಿಂದ ಹೊರಹೋಗದಂತೆ ತಡೆಯುತ್ತಿದ್ದರೆ, ಆಗ ಅದು ಕನಸಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪೊಲೀಸರಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಸಂಖ್ಯೆಗಳಿವೆ. ದೂರು ಕೊಡುವಾಗ ನಡೆದದ್ದನ್ನು ಹೇಳಿ, ಕನಸಿನ ಮಾತು ಬೇಡ. ಅದು ನಿಮ್ಮ ನಿಜವಾದ ದೂರನ್ನೇ ಹಗುರ ಮಾಡಿಬಿಡುತ್ತದೆ.

ನನ್ನ ಮಗುವನ್ನು ಯಾರೋ ಕದ್ದೊಯ್ದಂತೆ ಕನಸು ಬಿತ್ತು. ಏನು ಮಾಡಲಿ?

ಎಳೆಯ ಮಕ್ಕಳಿರುವ ತಂದೆತಾಯಿಗಳಿಗೆ, ವಿಶೇಷವಾಗಿ ಹೆರಿಗೆಯಾದ ಹೊಸದರಲ್ಲಿ ತುಂಡು ತುಂಡು ನಿದ್ದೆಯಲ್ಲಿರುವ ತಾಯಂದಿರಿಗೆ, ಮಗು ಕಾಣೆಯಾದಂತೆ ಕನಸು ಬೀಳುವುದು ಅಪರೂಪವಲ್ಲ. ಎದ್ದು, ಮಗುವನ್ನು ಒಮ್ಮೆ ನೋಡಿ, ನೀರು ಕುಡಿದು ಮಲಗಿದರೆ ಸಾಕು.

ಕಷ್ಟ ಬರುವುದು ಈ ಭಯ ಹಗಲಿಗೂ ಹರಡಿ, ಗುರುತಿಲ್ಲದವರೆಲ್ಲ ಮಕ್ಕಳ ಕಳ್ಳರಂತೆ ಕಾಣತೊಡಗಿದಾಗ. ಇದು ಬರಿಯ ಕಲ್ಪನೆಯ ಅಪಾಯವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ದೇಶದುದ್ದಕ್ಕೂ ಹರಿದಾಡಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಗುಂಪೊಂದು ಹೊಡೆದು ಸಾಯಿಸಿತು. ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯ ಬಳಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹುಟ್ಟಿಕೊಂಡ ಅನುಮಾನ ಹೈದರಾಬಾದಿನ ಎಂಜಿನಿಯರ್ ಒಬ್ಬರ ಕೊಲೆಯಲ್ಲಿ ಮುಗಿಯಿತು. ಜೊತೆಯಲ್ಲಿದ್ದವರೂ ತೀವ್ರವಾಗಿ ಗಾಯಗೊಂಡರು. ಅಂಥ ಸಂದೇಶವನ್ನು ಮಲಗುವ ಮುನ್ನ ಓದಿದವರಿಗೆ ಆ ರಾತ್ರಿ ಅದೇ ಕನಸು ಬಿದ್ದರೆ, ಬೆಳಿಗ್ಗೆ ಅವರಿಗೆ ಸಂದೇಶವೂ ಹೆಚ್ಚು ನಿಜವೆನಿಸುತ್ತದೆ. ಹೀಗೆ ಒಂದು ಸುಳ್ಳಿಗೆ ಕನಸು ಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ಕನಸನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ, ಬಡಾವಣೆಯ ಗುಂಪಿನಲ್ಲಿ ಎಚ್ಚರಿಕೆಯೆಂದು ಹಾಕಬೇಡಿ.

ಕೂಗಲು ಹೋದರೆ ದನಿ ಹೊರಡುವುದಿಲ್ಲ, ಕೈಕಾಲು ಅಲ್ಲಾಡುವುದಿಲ್ಲ. ಯಾಕೆ?

ರೆಮ್ ನಿದ್ರೆಯಲ್ಲಿ ಉಸಿರಾಟದ ಮುಖ್ಯ ಸ್ನಾಯು ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟು ದೇಹದ ಹೆಚ್ಚಿನ ಸ್ನಾಯುಗಳನ್ನು ಮಿದುಳುಕಾಂಡ ತಾತ್ಕಾಲಿಕವಾಗಿ ಸಡಿಲಗೊಳಿಸಿರುತ್ತದೆ. ಕನಸಿನಲ್ಲಿ ಓಡಿದಾಗ ಹಾಸಿಗೆಯಿಂದೆದ್ದು ಓಡದಂತೆ ನಮ್ಮನ್ನು ಕಾಯುವ ವ್ಯವಸ್ಥೆ ಇದು. ಕೆಲವೊಮ್ಮೆ ಪ್ರಜ್ಞೆ ಮೊದಲು ಎಚ್ಚೆತ್ತು, ಸ್ನಾಯುಗಳು ಇನ್ನೂ ಸಡಿಲವಾಗಿಯೇ ಇದ್ದರೆ, ಕೋಣೆ ಕಾಣುತ್ತಿರುತ್ತದೆ, ಅಲುಗಾಡಲಾಗುವುದಿಲ್ಲ, ಎದೆಯ ಮೇಲೆ ಭಾರ, ಬಾಗಿಲ ಬಳಿ ಯಾರೋ ನಿಂತಂತೆ, ತನ್ನನ್ನು ಎಳೆದೊಯ್ಯುತ್ತಿರುವಂತೆ ಅನಿಸುತ್ತದೆ. ಇದನ್ನು ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಹೆಸರು ಹೆದರಿಸಿದರೂ ಲಕ್ವಾಕ್ಕೂ ಇದಕ್ಕೂ ಸಂಬಂಧವಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಇದು ಆಗುವವರು ನೂರಕ್ಕೆ ಸುಮಾರು ಎಂಟು ಮಂದಿ. ನಿದ್ದೆಗೆಟ್ಟಾಗ, ಪಾಳಿ ಬದಲಾದಾಗ, ಅಂಗಾತ ಮಲಗಿದಾಗ ಹೆಚ್ಚು. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಬಿಡುತ್ತದೆ.

ಅನ್ಯಗ್ರಹದವರು ತಮ್ಮನ್ನು ಅಪಹರಿಸಿದರು ಎಂದು ನಂಬುವ ಅಮೆರಿಕನ್ನರಲ್ಲಿ ಅನೇಕರ ಅನುಭವದ ಹಿಂದೆ ಈ ಸ್ಥಿತಿಯೇ ಇರಬಹುದೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಮೆಕ್‌ನ್ಯಾಲಿ ಮತ್ತು ಸೂಸನ್ ಕ್ಲಾನ್ಸಿ ವಾದಿಸಿದ್ದಾರೆ. ಕನಸೇ ನೆನಪಾಗಿಬಿಡುವುದಕ್ಕೆ ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿಯದು. 1961ರ ಸೆಪ್ಟೆಂಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ರಸ್ತೆಯಲ್ಲಿ ಇವರಿಗೆ ಆಕಾಶದಲ್ಲಿ ವಿಚಿತ್ರವಾದ ಬೆಳಕು ಕಂಡಿತು. ಅದಾದ ಕೆಲವು ದಿನಗಳ ಮೇಲೆ ಬೆಟ್ಟಿಗೆ ತಮ್ಮಿಬ್ಬರನ್ನೂ ಹಾರುವ ವಾಹನದೊಳಕ್ಕೆ ಒಯ್ದಂತೆ ಸಾಲಾಗಿ ಕನಸುಗಳು ಬಿದ್ದವು. ಆಕೆ ಅವನ್ನು ಬರೆದಿಟ್ಟರು, ಇತರರೊಂದಿಗೆ ಹಂಚಿಕೊಂಡರು. 1964ರಲ್ಲಿ ಬಾಸ್ಟನ್ನಿನ ಮನೋವೈದ್ಯ ಬೆಂಜಮಿನ್ ಸೈಮನ್ ಸಂಮೋಹನಕ್ಕೊಳಪಡಿಸಿದಾಗ ಇಬ್ಬರೂ ಅಪಹರಣದ ಕಥೆಯನ್ನೇ ಹೇಳಿದರು. ಆದರೆ ಸ್ವತಃ ಸೈಮನ್ ಅವರ ಅಭಿಪ್ರಾಯ, ಅಪಹರಣದ ಭಾಗ ಬೆಟ್ಟಿಯ ಕನಸುಗಳಿಂದ ಬಂದದ್ದು, ಗಂಡನಿಗೂ ಅದು ಆಕೆಯಿಂದಲೇ ದಾಟಿದ್ದು ಎಂದಾಗಿತ್ತು. ಕನಸನ್ನು ಸಂಮೋಹನದಿಂದ ಬಗೆದು ನೋಡುತ್ತೇವೆ ಎನ್ನುವವರ ಬಳಿಗೆ ಹೋಗುವ ಮೊದಲು ಈ ಪ್ರಕರಣವನ್ನು ನೆನಪಿಸಿಕೊಳ್ಳುವುದು ಒಳಿತು.

ನಮ್ಮ ಮಗುವಿಗೇ ಇಂಥ ಕನಸು ಬಿದ್ದು ಅಳುತ್ತದೆ.

ಮೊದಲು ಅದು ಕನಸೋ, ನಿದ್ದೆಯಲ್ಲಿ ಬೆಚ್ಚಿಬೀಳುವುದೋ ನೋಡಿ. ಮಲಗಿದ ಒಂದೆರಡು ಗಂಟೆಗಳಲ್ಲಿ ಕಿರುಚಿಕೊಂಡೆದ್ದು, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಗಾಢನಿದ್ರೆಯಿಂದ ಅರ್ಧ ಎಚ್ಚರವಾಗುವ ಸ್ಥಿತಿ. ಮಗುವನ್ನು ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ಸಾಕು. ಬೆಳಗಿನ ಜಾವ ಎದ್ದು, ಕಳ್ಳ ಬಂದ, ಎತ್ತಿಕೊಂಡು ಹೋದ ಎಂದು ಕಥೆ ಹೇಳಿದರೆ ಅದು ಕನಸು. ಆಗ ಪಕ್ಕದಲ್ಲಿ ಕೂತು ಸಮಾಧಾನಪಡಿಸಿ, ಹಗಲಿನಲ್ಲಿ ಆ ಕಳ್ಳನ ಚಿತ್ರ ಬರೆಸಿ, ಮಗುವೇ ಬೇರೆ ಕೊನೆಯನ್ನು ಕಟ್ಟುವಂತೆ ಮಾಡಿ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ, ಗೋಣಿಚೀಲದವನು ಹಾಕಿಕೊಂಡು ಹೋಗುತ್ತಾನೆ ಎಂದು ಹೆದರಿಸುವ ರೂಢಿಯಿದ್ದರೆ ಅದನ್ನು ನಿಲ್ಲಿಸುವುದು ಬೇರೆಲ್ಲ ಉಪಾಯಗಳಿಗಿಂತ ಮೊದಲಾಗಬೇಕು. ಮಗು ಒಬ್ಬ ನಿರ್ದಿಷ್ಟ ವ್ಯಕ್ತಿಯ ಹತ್ತಿರ ಹೋಗಲು ಎಚ್ಚರದಲ್ಲಿಯೂ ಹೆದರಿದರೆ ಮಾತ್ರ ನಿಧಾನವಾಗಿ, ಉತ್ತರವನ್ನು ನೀವೇ ಬಾಯಿಗೆ ಹಾಕದೆ, ಕೇಳಿ ತಿಳಿಯಬೇಕು.

ವಾರಕ್ಕೆ ಹಲವು ಸಲ ಇದೇ ಕನಸು. ದೇಹದಲ್ಲಿ ಏನಾದರೂ ತೊಂದರೆಯೇ?

ಇರಬಹುದು. ವಾರಕ್ಕೊಮ್ಮೆಯಾದರೂ ದುಃಸ್ವಪ್ನ ಕಾಣುವ ವಯಸ್ಕರು ನೂರಕ್ಕೆ ನಾಲ್ಕೈದು ಮಂದಿ ಇದ್ದಾರೆ. ಮಾನಸಿಕ ಒತ್ತಡವೊಂದೇ ಕಾರಣವೆಂದುಕೊಳ್ಳದೆ ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ನೋಡಿ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಬಗೆಯ ಔಷಧಗಳು, ಕೆಲವು ಖಿನ್ನತೆಯ ಔಷಧಗಳು, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಕೆಟ್ಟ ಕನಸುಗಳನ್ನು ಹೆಚ್ಚಿಸಬಲ್ಲವು. ಅಲರ್ಜಿ ಮತ್ತು ಆಸ್ತಮಾಕ್ಕೆ ಮಕ್ಕಳಿಗೂ ಧಾರಾಳವಾಗಿ ಬರೆಯುವ ಮಾಂಟೆಲುಕಾಸ್ಟ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ, ಮನಸ್ಸು ಮತ್ತು ನಡವಳಿಕೆಯ ಮೇಲಿನ ಪರಿಣಾಮಗಳ ಕಾರಣಕ್ಕೆ, ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಸೇರಿಸಿತು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಕನಸಿನ ವಿಷಯವನ್ನು ತಿಳಿಸಿ.

ಮದ್ಯ ರೆಮ್ ನಿದ್ರೆಯನ್ನು ಅದುಮುತ್ತದೆ. ಬಿಟ್ಟ ಮೇಲಿನ ದಿನಗಳಲ್ಲಿ ಆ ನಿದ್ರೆ ದುಪ್ಪಟ್ಟು ರಭಸದಿಂದ ಮರಳುವಾಗ ಭಯಂಕರ ಕನಸುಗಳು ಬರುತ್ತವೆ. ಜೋರಾಗಿ ಗೊರಕೆ ಹೊಡೆಯುತ್ತ ಮಧ್ಯೆ ಉಸಿರು ಕಟ್ಟುವವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಕನಸನ್ನು ನಿಲ್ಲಿಸಲು ಸಾಧ್ಯವೇ?

ಸಾಧ್ಯವಿದೆ, ಮತ್ತು ವಿಧಾನ ಆಶ್ಚರ್ಯವಾಗುವಷ್ಟು ಸರಳ. ಮರುಕಳಿಸುವ ಕನಸನ್ನು ಹಗಲಿನಲ್ಲಿ, ಪೂರ್ತಿ ಎಚ್ಚರದಲ್ಲಿ, ಬರೆದು, ಅದನ್ನು ನಿಮಗೆ ಬೇಕಾದಂತೆ ಬದಲಾಯಿಸಿ, ಆ ಹೊಸ ರೂಪವನ್ನು ದಿನವೂ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ಮನಸ್ಸಿನಲ್ಲಿ ನಡೆಸಿ ನೋಡುವುದು. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೊಳಗಾಗಿದ್ದ 168 ಮಹಿಳೆಯರೊಂದಿಗೆ ಇದನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು: ಚಿಕಿತ್ಸೆ ಪಡೆದವರಲ್ಲಿ ದುಃಸ್ವಪ್ನಗಳು ಕಡಿಮೆಯಾದವು, ನಿದ್ದೆ ಸುಧಾರಿಸಿತು.

ಮೇಲಿನ ಶಿಕ್ಷಕಿಯ ಕನಸನ್ನೇ ತೆಗೆದುಕೊಂಡರೆ, ಹೊಸ ರೂಪದಲ್ಲಿ ಅಪಹರಣಕಾರನನ್ನು ಹೊಡೆದುರುಳಿಸಬೇಕೆಂದೇನೂ ಇಲ್ಲ. ವ್ಯಾನು ರೈಲ್ವೆ ಗೇಟಿನಲ್ಲಿ ನಿಲ್ಲಬಹುದು; ಅವರು ಡಬ್ಬಿಯನ್ನು ಸೀಟಿನ ಮೇಲಿಟ್ಟು, ಬಾಗಿಲು ಸರಿಸಿ ಇಳಿದು, ಬಸ್ ಹಿಡಿದು ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆರೆಯಬಹುದು. ಬದಲಾವಣೆ ನಿಮ್ಮದೇ ಆಗಿರಬೇಕು ಎಂಬುದೊಂದೇ ನಿಯಮ. ದೊಡ್ಡ ಆಘಾತ ಅನುಭವಿಸಿದವರು ಇದನ್ನು ಒಬ್ಬರೇ ಮಾಡದೆ ಚಿಕಿತ್ಸಕರ ಜೊತೆಗೆ, ಸಣ್ಣ ಕನಸಿನಿಂದ ಶುರುಮಾಡುವುದು ಕ್ಷೇಮ. ಔಷಧಗಳಲ್ಲಿ ಪ್ರಜೋಸಿನ್ ಬಗ್ಗೆ ಬಹಳ ನಿರೀಕ್ಷೆಯಿತ್ತು. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಔಷಧದ ಅಂಶವಿಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಕೆಲವರಿಗೆ ವೈದ್ಯರು ಈಗಲೂ ಕೊಡುವುದುಂಟು.

ತಾಯತ ಕಟ್ಟಿಸುವುದು, ದೃಷ್ಟಿ ತೆಗೆಸುವುದು ತಪ್ಪೇ?

ಮಲಗುವ ಮೊದಲು ಪ್ರಾರ್ಥನೆ ಮಾಡುವುದರಿಂದ, ಅಜ್ಜಿ ದೃಷ್ಟಿ ತೆಗೆಯುವುದರಿಂದ ಮನಸ್ಸು ಹಗುರಾದರೆ ಅದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಸಾವಿರಾರು ರೂಪಾಯಿಯ ಶಾಂತಿ ಮಾಡಿಸಬೇಕೆನ್ನುವವರು, ನಿಮಗೆ ಇಂಥವರಿಂದಲೇ ಮಾಟವಾಗಿದೆ ಎಂದು ನೆಂಟರ ಹೆಸರು ಹೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ನಾನೇ ಯಾರನ್ನೋ ಅಪಹರಿಸಿದಂತೆ ಕನಸು ಬಿತ್ತು. ನಾನು ಕೆಟ್ಟವನೇ?

ಅಲ್ಲ. ಕನಸಿನ ಕೃತ್ಯಕ್ಕೆ ನೈತಿಕ ಹೊಣೆಯಿಲ್ಲ. ಯಾರ ಮೇಲಾದರೂ ನನ್ನ ತೀರ್ಮಾನವನ್ನು ಹೇರುತ್ತಿದ್ದೇನೆಯೇ ಎಂಬ ಅಳುಕು ಹಗಲಿನಲ್ಲಿ ಇದೆಯೇ ಎಂದು ಒಮ್ಮೆ ಯೋಚಿಸಿ, ಇಲ್ಲವಾದರೆ ಬಿಟ್ಟುಬಿಡಿ.

ನಮ್ಮ ಯಜಮಾನರು ಕನಸಿನಲ್ಲಿ ಯಾರೋ ಹಿಡಿದರೆಂದು ನಿದ್ದೆಯಲ್ಲಿಯೇ ಒದೆಯುತ್ತಾರೆ, ಗುದ್ದುತ್ತಾರೆ.

ಇದನ್ನು ನಗೆಯ ವಿಷಯವೆಂದು ಬಿಡಬಾರದು. ರೆಮ್ ನಿದ್ರೆಯಲ್ಲಿ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದೆ, ಕನಸನ್ನು ದೇಹ ನಟಿಸಿಬಿಡುವ ಈ ಕಾಯಿಲೆಯನ್ನು ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ 1986ರಲ್ಲಿ ಗುರುತಿಸಿ ವಿವರಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಯಾರೋ ಆಕ್ರಮಣ ಮಾಡಿದಂತೆ, ತಾವು ತಪ್ಪಿಸಿಕೊಳ್ಳಲು ಹೋರಾಡಿದಂತೆ ಕನಸು ಬೀಳುವುದು ಇದರ ಲಕ್ಷಣ. ಎಷ್ಟೋ ಜನರಲ್ಲಿ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದಕ್ಕೆ ಸಂಬಂಧಿಸಿದ ಮಿದುಳಿನ ಕಾಯಿಲೆ ಕಾಣಿಸಿಕೊಳ್ಳುವುದರಿಂದ ನರರೋಗ ತಜ್ಞರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ಮಂಚದ ಪಕ್ಕದ ಗಾಜಿನ ಲೋಟ, ಚೂಪು ಅಂಚಿನ ಮೇಜುಗಳನ್ನು ದೂರವಿಟ್ಟು, ಅಗತ್ಯವಿದ್ದರೆ ನೀವು ಬೇರೆ ಹಾಸಿಗೆಯಲ್ಲಿ ಮಲಗಿ.

ಯಾವಾಗ, ಯಾರ ಸಹಾಯ ಪಡೆಯಬೇಕು?

ಮಲಗಲೇ ಹೆದರಿಕೆಯಾದರೆ, ಹಗಲಿನ ಕೆಲಸಕ್ಕೆ ಅಡ್ಡಿಯಾದರೆ, ನಿಜವಾಗಿ ನಡೆದ ದೌರ್ಜನ್ಯವೇ ಕನಸಾಗಿ ಮರಳುತ್ತಿದ್ದರೆ, ಬದುಕು ಬೇಡವೆನಿಸಿದರೆ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಶುಲ್ಕವಿಲ್ಲ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಹೋಗುವಾಗ ಕನಸು ಬಿದ್ದ ದಿನ, ಎಚ್ಚರವಾದ ಹೊತ್ತು, ಆ ದಿನ ತೆಗೆದುಕೊಂಡ ಮಾತ್ರೆ ಇವನ್ನು ಎರಡು ವಾರ ಬರೆದಿಟ್ಟ ಚೀಟಿಯನ್ನು ಜೊತೆಗೆ ಒಯ್ಯಿರಿ. ನಿದ್ದೆಯಲ್ಲಿ ಗೊರಕೆ, ಒದೆತ, ಕೂಗಾಟ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬಲ್ಲವರು ಪಕ್ಕದಲ್ಲಿ ಮಲಗುವವರಾದ್ದರಿಂದ ಅವರನ್ನೂ ಕರೆದುಕೊಂಡು ಹೋಗಿ.